‘ಸನತೋಪು ರೋಡು’ ಬೆಂಗಳೂರಲ್ಲಿ ಎಲ್ಲಿತ್ತು? ತಾತನ ಹಾಲಿನ ಲೆಕ್ಕದ ಪುಸ್ತಕದಲ್ಲಿದೆ

ಸಂಪಂಗಿ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಅಟ್ಟ ಖಾಲಿ ಮಾಡುವಾಗ ನಮ್ಮ ತಾತನ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ತಾತ ಸಂಪಂಗಿರಾಮನಗರದಲ್ಲಿ ಮೂರು ಎಮ್ಮೆ, ಒಂದು ಹಸು ಕಟ್ಟಿಕೊಂಡಿದ್ದವರು. ಬೆಳಗಿನ ಜಾವ ಸೈಕಲ್ಲಿಗೆ ಕ್ಯಾನು ತಗುಲಿಸಿಕೊಂಡು ವರ್ತನೆ ಹಾಲು ಹಾಕಿ ಬರುತ್ತಿದ್ದರು.

ಪುಸ್ತಕ ಉದ್ದುದ್ದ ಇದೆ, ಬೆನ್ನಿಗೆ ಕೆಂಪು ಬಟ್ಟೆ. ಅರ್ಧ ಗೆದ್ದಲಿನ ಪಾಲಾಗಿದೆ. ರಸ್ತೆಗೆ ಇಷ್ಟು ಪುಟ ಅಂತ ಬಿಟ್ಟು, ಒಂದೊಂದು ಮನೆಯ ಲೆಕ್ಕ ಬರೆದಿದ್ದಾರೆ. ಮಿಷನ್ ರೋಡು, ಕಬ್ಬನ್‌ಪೇಟೆ ಎಲ್ಲ ಗೊತ್ತಾಯಿತು. ಆದರೆ ನಾಲ್ಕು ಪುಟಗಳ ನೆತ್ತಿಯ ಮೇಲೆ ‘ಸನತೋಪು ರೋ||’ ಎಂದಿದೆ. ಅಕ್ಷರ ದುಂಡಗೆ, ಸ್ಪಷ್ಟವಾಗಿದೆ. ಓದುವುದರಲ್ಲಿ ನನ್ನ ತಪ್ಪಿಲ್ಲ.

ಗೂಗಲ್ ಮ್ಯಾಪಿನಲ್ಲಿ ಇಲ್ಲ. ಅಪ್ಪನಿಗೆ ಗೊತ್ತಿಲ್ಲ. ಇನ್ನೊಂದು ಸುಳಿವು ಏನಂದರೆ, ಆ ರಸ್ತೆಯ ಒಂದು ಕಡೆಗೆ ದಿನಕ್ಕೆ 111 ಪಾವು ಹಾಲು ಹೋಗುತ್ತಿತ್ತು. ಅಂದರೆ ದೊಡ್ಡ ಛತ್ರವೋ ಹಾಸ್ಟೆಲ್ಲೋ ಇದ್ದಿರಬೇಕು. ಯಾರಿಗಾದರೂ ಗೊತ್ತಾ?

ಗುಂಡುತೋಪು:
ಹೆಸರಲ್ಲೇ ಉತ್ತರ ಇದೆಯಲ್ಲ ಸರ್. ತೋಪು ಅಂದರೆ ಮಾವಿನದೋ ಹುಣಸೆದೋ ಮರಗಳ ಗುಂಪು. ಹಳೇ ಮೈಸೂರಿನ ಪ್ರತಿ ಊರಿಗೂ ಒಂದು ಗುಂಡುತೋಪು ಇರುತ್ತಿತ್ತು. ಕಂದಾಯದ ದಾಖಲೆಯಲ್ಲಿ ಇವತ್ತಿಗೂ ಸರ್ವೆ ನಂಬರ್ ಮುಂದೆ ‘ಗುಂಡುತೋಪು’ ಎಂದೇ ಬರೆದಿರುತ್ತದೆ. ಮರ ಒಂದೂ ಇರುವುದಿಲ್ಲ, ಅದು ಬೇರೆ ಮಾತು. ‘ಸನ’ ಅನ್ನುವುದು ‘ಸಣ್ಣ’ ಇರಬಹುದು. ಸಣ್ಣತೋಪು. ಅಥವಾ ಸನ್ಯಾಸಿ ತೋಪು. ಲಾಲ್‌ಬಾಗ್ ಕಡೆ ಹುಡುಕಿ.

ಎರಡು ಬೈ ಎರಡು:
ಸಂತೆ ತೋಪು ಯಾಕಾಗಬಾರದು? ಸಂತೆ ಸೇರುವ ತೋಪು.

ಕಾಫಿ ಡಿಕಾಕ್ಷನ್:
ನಾಲ್ಕು ರಾಸು ಕಟ್ಟಿಕೊಂಡು ಒಂದೇ ಕಡೆಗೆ 111 ಪಾವು ಹಾಲು ಹಾಕುತ್ತಿದ್ದರು ಅಂದರೆ ನಿಮ್ಮ ತಾತ ಕಾರ್ಪೊರೇಷನ್ ನಲ್ಲಿಗೂ ಒಂದು ಹಸುವಿನ ಹೆಸರಿಟ್ಟಿದ್ದರು ಅಂತ ಕಾಣುತ್ತೆ. ಬೇಜಾರು ಮಾಡ್ಕೋಬೇಡಿ ಸರ್ 😄

ಹಳೇ ಗುಮಾಸ್ತ:
ತಾತನ ಮರ್ಯಾದೆ ಉಳಿಸುತ್ತೇನೆ, ಇರಿ. ನಾನು ಮೂವತ್ತು ವರ್ಷ ಲೆಕ್ಕಪತ್ರದ ಮಧ್ಯೆ ಕೂತವನು. ಅದು 111 ಅಲ್ಲ. ಒಂದು ಬರೆದು ಪಕ್ಕದಲ್ಲಿ ಎರಡು ಗೀಟು ಎಳೆದಿದ್ದಾರೆ: 1||. ಹಳೇ ಲೆಕ್ಕದಲ್ಲಿ ಒಂದು ಗೀಟು ಅಂದರೆ ಕಾಲು, ಎರಡು ಗೀಟು ಅರ್ಧ, ಮೂರು ಗೀಟು ಮುಕ್ಕಾಲು. ಅದು ಒಂದೂವರೆ ಪಾವು. ಒಂದು ಪುಟ್ಟ ಸಂಸಾರದ ಹಾಲು. ನಿಮ್ಮ ಛತ್ರ ಇಲ್ಲಿಗೆ ಮುಳುಗಿತು.

ಆದರೆ ‘ರೋ||’ ಪಕ್ಕದ ಗೀಟಿಗೆ ಈ ಲೆಕ್ಕ ಹಚ್ಚಬೇಡಿ. ಅದು ಪದ ಮೊಟಕು ಮಾಡಿದ್ದರ ಗುರುತು. ಚಿ||, ಸೌ|| ಅಂತ ಲಗ್ನಪತ್ರಿಕೆಯಲ್ಲಿ ಇರುತ್ತಲ್ಲ, ಹಾಗೆ.

ಈಗ ಎರಡು ಕೇಳುತ್ತೇನೆ. ಬಾಕಿಯನ್ನು ಆಣೆಯಲ್ಲಿ ಬರೆದಿದ್ದಾರೋ ಪೈಸೆಯಲ್ಲೋ? ಮತ್ತೆ, ‘ಸನತೋಪು’ ಹಿಂದಿನ ಪುಟ ಯಾವ ರಸ್ತೆ, ಮುಂದಿನ ಪುಟ ಯಾವ ರಸ್ತೆ? ಸೈಕಲ್ಲಿನಲ್ಲಿ ಹಾಲು ಹಾಕುವವರು ಅಆಇಈ ಕ್ರಮದಲ್ಲಿ ಬರೆಯುವುದಿಲ್ಲ. ಪೆಡಲ್ ತುಳಿದ ಕ್ರಮದಲ್ಲಿ ಬರೆಯುತ್ತಾರೆ.

ಸಂಪಂಗಿ ಮೊಮ್ಮಗ:
ಅಯ್ಯೋ, 1|| ಅಂತೆ! ಇಷ್ಟು ದಿನ ನೂರಾ ಹನ್ನೊಂದು ಅಂತ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಬಾಕಿ ಎರಡೂ ಥರ ಇದೆ. ಒಂದು ಪುಟದ ಕೊನೆಗೆ 3-6-0. ಪುಟ ತಿರುಗಿಸಿದರೆ ‘ಹಿಂಬಾಕಿ 3-37’. ಇದು ಹೇಗೆ ಅಂತ ನನಗೆ ಹೊಳೆಯಲಿಲ್ಲ. ರಸ್ತೆಗಳು ಹೀಗಿವೆ: ಮಿಷನ್ ರೋಡು, ಸನತೋಪು ರೋಡು, ಮೈಸೂರು ಬ್ಯಾಂಕು, ಕಬ್ಬನ್‌ಪೇಟೆ. ಆಮೇಲೆ ಗೆದ್ದಲು.

ಇನ್ನೊಂದು ಗಮನಿಸಿರಲಿಲ್ಲ. ಸನತೋಪು ಪುಟಗಳಲ್ಲಿ ಒಂದರ ಮೇಲೆ ‘ಮಾರ್ತಾಸ್ಪತ್ರೆ ನರ್ಸಮ್ಮ’ ಎಂದಿದೆ. ಆ 1|| ಅವರದೇ.

ಹಳೇ ಗುಮಾಸ್ತ:
ಭಲೇ. 3-6-0 ಅಂದರೆ ಮೂರು ರೂಪಾಯಿ ಆರಾಣೆ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ರೂಪಾಯಿಗೆ ಹದಿನಾರಾಣೆ ಇದ್ದದ್ದು ನೂರು ಪೈಸೆ ಆಯಿತು. ಆರಾಣೆಗೆ ಮೂವತ್ತೇಳೂವರೆ ಪೈಸೆ ಬರುತ್ತದೆ. ಅರ್ಧ ಪೈಸೆ ಬರೆಯುವುದು ಹೇಗೆ? 37 ಅಂತ ಬಿಟ್ಟರು. ನಿಮ್ಮ ತಾತನಿಗೆ ಅರ್ಧ ಪೈಸೆ ಲುಕ್ಸಾನು. ಹಾಗಾಗಿ ಈ ಪುಟ ತಿರುಗಿದ್ದು 1957ರಲ್ಲಿ ಅಂತ ಧೈರ್ಯವಾಗಿ ಹೇಳಬಹುದು. ಹಾಲಿನ ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ತಾರೀಕು ಬೇಕಾ?

ಮಾರ್ತಾಸ್ಪತ್ರೆ ಅಂದರೆ ಸೇಂಟ್ ಮಾರ್ಥಾಸ್. 1886ರಿಂದ ಇರುವ ಆಸ್ಪತ್ರೆ. ಹಾಗಾದರೆ ಲಾಲ್‌ಬಾಗ್ ಕಡೆಯ ತೋಪು ಬಿಟ್ಟುಬಿಡಿ. ಮಿಷನ್ ರೋಡಿನಿಂದ ಹೊರಟು, ಮಾರ್ಥಾಸ್ ಆಸ್ಪತ್ರೆ ದಾಟಿ, ಮೈಸೂರು ಬ್ಯಾಂಕ್ ಸರ್ಕಲ್‌ಗೆ ಬಂದು, ಕಬ್ಬನ್‌ಪೇಟೆ ಹೊಕ್ಕು ಮನೆಗೆ. ನಡುವೆ ಇರುವ ದೊಡ್ಡ ರಸ್ತೆ ಒಂದೇ, ನೃಪತುಂಗ ರಸ್ತೆ. ಅದರ ಹಳೇ ಹೆಸರು ಬೇರೆ ಏನೋ ಇತ್ತು. ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ.

ಗುಂಡುತೋಪು:
ನೃಪತುಂಗ ರಸ್ತೆಯಲ್ಲಿ ಮರಗಳು ಇವೆ ಅಲ್ವಾ. ಪಕ್ಕದಲ್ಲೇ ಕಬ್ಬನ್ ಪಾರ್ಕು. ತೋಪು ಅಂದಿದ್ದು ಅದಕ್ಕೇ ಇರಬೇಕು. ನನ್ನ ವಾದ ಇನ್ನೂ ಸತ್ತಿಲ್ಲ.

ತೇನಾಂಪೇಟೆ ಕನ್ನಡಿಗ:
ಸತ್ತಿತು ಸರ್, ಕ್ಷಮಿಸಿ 🙏 ನಾನು ಚೆನ್ನೈಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮ ಮನೆ ಹತ್ತಿರ ಒಂದು ರಸ್ತೆ ಇದೆ. ಆಟೋದವರು ಅದನ್ನು ‘ಸೆನಟಾಪ್ ರೋಡ್’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೂ ತೋಪು ಅಂತಲೇ ಕೇಳಿಸಿತ್ತು. ಬೋರ್ಡು ಓದಿದ ಮೇಲೆ ಗೊತ್ತಾಯಿತು: ಸೆನೊಟಾಫ್ ರೋಡ್.

ಸನತೋಪು ಅಂತ ಜೋರಾಗಿ, ಬೇಗ ಹೇಳಿ ನೋಡಿ. ಸನತೋಪು, ಸೆನಟಾಪು, ಸೆನೊಟಾಫ್.

ಸಂಪಂಗಿ ಮೊಮ್ಮಗ:
ರೀ!! ಈಗ ಅಡುಗೆಮನೆಯಲ್ಲಿ ನಿಂತು ಐದು ಸಲ ಹೇಳಿದೆ. ಹೆಂಡತಿ ಗಾಬರಿಯಾದಳು. ಆದರೆ ಸೆನೊಟಾಫ್ ಅಂದರೆ ಏನು?

ನಕ್ಷೆ ಹುಚ್ಚ:
ಒಳಗೆ ಯಾರನ್ನೂ ಹೂಳದ ಸಮಾಧಿ. ಎಲ್ಲೋ ಸತ್ತವರ ನೆನಪಿಗೆ ಇನ್ನೆಲ್ಲೋ ನಿಲ್ಲಿಸಿದ ಕಂಬವೋ ಮಂಟಪವೋ.

ಗುಮಾಸ್ತರ ನಾಲಿಗೆ ತುದಿಯಲ್ಲಿ ಇದ್ದದ್ದು ಇದೇ. ನೃಪತುಂಗ ರಸ್ತೆಯ ಹಳೇ ಹೆಸರು ಸೆನೊಟಾಫ್ ರಸ್ತೆ. ಸಾಕ್ಷಿ ಬೇಕಾದರೆ ಅದೇ ರಸ್ತೆಯಲ್ಲಿದೆ. ಮಿಥಿಕ್ ಸೊಸೈಟಿಯ ಡಾಲಿ ಮೆಮೋರಿಯಲ್ ಹಾಲ್ ನೋಡಿದ್ದೀರಲ್ಲ? 1909ರಲ್ಲಿ ಶುರುವಾದ ಸಂಸ್ಥೆ. ಅವರ ಹಳೇ ತ್ರೈಮಾಸಿಕದ ಸಂಚಿಕೆ ತೆಗೆದರೆ ವಿಳಾಸದಲ್ಲಿ ಸೆನೊಟಾಫ್ ರಸ್ತೆ, ಬೆಂಗಳೂರು ಸಿಟಿ ಎಂದಿರುತ್ತದೆ. ಕಟ್ಟಡ ಒಂದಿಂಚೂ ಅಲ್ಲಾಡಿಲ್ಲ, ವಿಳಾಸ ಬದಲಾಗಿದೆ. ಕಳೆದುಹೋದ ರಸ್ತೆಯನ್ನು ಹಿಡಿಯಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ಇದು. ಜಾಗ ಬಿಟ್ಟು ಕದಲದ ಒಂದು ಕಟ್ಟಡ ಹಿಡಿಯಿರಿ. ಆಸ್ಪತ್ರೆ, ಚರ್ಚು, ದೇವಸ್ಥಾನ, ಅಚ್ಚುಕೂಟ ಯಾವುದಾದರೂ ಸರಿ. ಆಮೇಲೆ ಅದರ ಹಳೇ ರಸೀದಿ, ಆಮಂತ್ರಣ, ಪತ್ರಿಕೆಯ ಕೊನೇ ಪುಟ ಹುಡುಕಿ.

ಇನ್ನು ಕಂಬದ ಕಥೆ. 1791ರ ಮಾರ್ಚ್‌ನಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಮೇಲೆ ಬಿದ್ದ. 7ನೇ ತಾರೀಕು ಪೇಟೆ ಹೋಯಿತು, 21ರ ರಾತ್ರಿ ಕೋಟೆ ಹೋಯಿತು. ಪೇಟೆ ಬಾಗಿಲಿನ ಹತ್ತಿರ ಕರ್ನಲ್ ಮೂರ್‌ಹೌಸ್ ಸತ್ತ. ಕೋಟೆ ಕಾಯುತ್ತಿದ್ದ ಟಿಪ್ಪುವಿನ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಇಂಗ್ಲಿಷರ ಕಡೆ ಸತ್ತವರಿಗೆ ಮುಂದೆ ಈಗಿನ ಹಡ್ಸನ್ ಸರ್ಕಲ್ ಹತ್ತಿರ ಒಂದು ಕಂಬ ನಿಂತಿತು. ಅದೇ ಸೆನೊಟಾಫ್. ಅಲ್ಲಿಂದ ಕೆ.ಆರ್. ಸರ್ಕಲ್ ಕಡೆ ಹೋಗುವ ರಸ್ತೆಗೆ ಅದರ ಹೆಸರೇ ಬಂತು. 1964ರಲ್ಲಿ ಕಂಬ ಕೆಡವಿದರು. ಈಗ ಕಾರ್ಪೊರೇಷನ್ ಮುಂದೆ ಇರುವುದು ಕೆಂಪೇಗೌಡರ ಪ್ರತಿಮೆ.

ಅಂದರೆ ನಿಮ್ಮ ತಾತ ಹಾಲು ಹಾಕುವಾಗ ಕಂಬ ಅಲ್ಲೇ ಇತ್ತು.

ತೇನಾಂಪೇಟೆ ಕನ್ನಡಿಗ:
ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ಚೆನ್ನೈ ರಸ್ತೆಯ ಸೆನೊಟಾಫೂ ಅದೇ ಕಾರ್ನ್‌ವಾಲಿಸನದು! ಅವನ ನೆನಪಿಗೆ ತೇನಾಂಪೇಟೆಯಲ್ಲಿ ಮಂಟಪ ಕಟ್ಟಿದ್ದರು. ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗಿ ಬಹಳ ಕಾಲವಾಯಿತು, ಈಗ ಸೇಂಟ್ ಜಾರ್ಜ್ ಕೋಟೆಯಲ್ಲಿದೆ. ಅವನ ಪ್ರತಿಮೆ ಕೋಟೆಯ ಮ್ಯೂಸಿಯಮ್ಮಿನಲ್ಲಿದೆ. ಪೀಠದ ಮೇಲೆ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ಚಿತ್ರ ಕೆತ್ತಿದ್ದಾರೆ. ಬೆಂಗಳೂರಿನವನಾಗಿ ಅದರ ಮುಂದೆ ನಿಂತಾಗ ಒಂಥರಾ ಆಯಿತು.

ಇಲ್ಲಿ ಮಂಟಪ ಹೋಯಿತು, ಹೆಸರು ಉಳಿಯಿತು. ಬೆಂಗಳೂರಲ್ಲಿ ಎರಡೂ ಹೋದವು.

ಕೋಟೆ ಬೀದಿ:
ಹೋಗಿದ್ದೇ ಒಳ್ಳೆಯದಾಯಿತು. ನಮ್ಮೂರ ಮೇಲೆ ದಂಡೆತ್ತಿ ಬಂದವರಿಗೆ ನಮ್ಮೂರ ನಡುವೆ ಕಂಬ ಯಾಕೆ? ಬಹದ್ದೂರ್ ಖಾನನಿಗೆ ಅಷ್ಟು ದೊಡ್ಡ ಕಂಬ ಯಾರು ನಿಲ್ಲಿಸಿದರು? ನೃಪತುಂಗನ ಹೆಸರು ಬಂದಿದ್ದು ಸರಿಯಾಗಿಯೇ ಇದೆ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ.

ನಕ್ಷೆ ಹುಚ್ಚ:
ಹೆಸರು ಬದಲಾಯಿಸಬಾರದಿತ್ತು ಅಂತ ನಾನು ಎಲ್ಲೂ ಹೇಳಿಲ್ಲ. ನೃಪತುಂಗ ನನಗೂ ಇಷ್ಟ. ಆದರೆ ‘ಇದಕ್ಕೆ ಮುಂಚೆ ಈ ಹೆಸರಿತ್ತು’ ಅಂತ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ಒಂದು ಹೆಸರು ಹುಡುಕಲು ನಾವು ಆರು ಜನ ಬೇಕಾಯಿತು.

ಕೋಟೆ ಬೀದಿ:
ಆ ಸಾಲು ಬರೆಯಲಿ, ನನ್ನ ತಕರಾರಿಲ್ಲ. ಕಂಬ ಮಾತ್ರ ಬೇಡ.

ಎರಡು ಬೈ ಎರಡು:
ಬದಲಾಯಿಸಿದ ಹೆಸರೆಲ್ಲ ನಿಲ್ಲುವುದೂ ಇಲ್ಲ ನೋಡಿ. ಸೌತ್ ಪೆರೇಡ್ ಅಂದರೆ ಇವತ್ತು ಯಾರಿಗೂ ಗೊತ್ತಾಗಲ್ಲ, ಎಂ.ಜಿ. ರೋಡ್ ಗೆದ್ದಿತು. ಸಿಡ್ನಿ ರೋಡ್ ಹೋಗಿ ಕಸ್ತೂರ್ಬಾ ರಸ್ತೆ ನಿಂತಿತು. ಗ್ರಾಂಟ್ ರೋಡ್ ವಿಠಲ್ ಮಲ್ಯ ರಸ್ತೆಯಾಯಿತು, ಕ್ಯಾವಲ್ರಿ ರೋಡ್ ಕಾಮರಾಜ್ ರಸ್ತೆಯಾಯಿತು. ಆದರೆ ರೆಸಿಡೆನ್ಸಿ ರೋಡ್? ಬೋರ್ಡಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಆಟೋ ಹತ್ತಿ ಹಾಗೆ ಹೇಳಿ ನೋಡಿ, ಡ್ರೈವರ್ ತಿರುಗಿ ನಿಮ್ಮ ಮುಖ ನೋಡುತ್ತಾನೆ.

ಕಾಫಿ ಡಿಕಾಕ್ಷನ್:
ಮೈಸೂರು ಬ್ಯಾಂಕ್ ಸರ್ಕಲ್ ಇನ್ನೂ ಮಜಾ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಹೊಟ್ಟೆ ಸೇರಿತು. ಸರ್ಕಲ್ ಮಾತ್ರ ಕದಲಿಲ್ಲ. ಹಲಸೂರು ಗೇಟ್ ಪೊಲೀಸ್ ಠಾಣೆಯೂ ಹಾಗೇ. ಅಲ್ಲಿ ಗೇಟೂ ಇಲ್ಲ, ಹಲಸೂರೂ ಇಲ್ಲ. ಪೇಟೆಯಿಂದ ಹಲಸೂರಿನ ಕಡೆ ತೆರೆಯುತ್ತಿದ್ದ ಬಾಗಿಲು ಅದು. ಬಾಗಿಲು ಹೋಗಿ ಎಷ್ಟು ಕಾಲವಾಯಿತೋ, ಪೊಲೀಸರು ಇನ್ನೂ ಕಾಯುತ್ತಿದ್ದಾರೆ.

ಹಂಚಿನ ಮನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಜ್ಞಾನದ ಪ್ರಶ್ನೆ ಅಲ್ಲ, ಜಗಳದ ಪ್ರಶ್ನೆ. ನಮ್ಮಜ್ಜಿಯ ಮನೆಯ ಕ್ರಯಪತ್ರ ಪೇಟೆ ಕಡೆಯದು, 1938ರದು. ಅದರಲ್ಲಿ ಬರೆದಿರುವ ಓಣಿಯ ಹೆಸರು ಈಗ ಯಾವ ಬೋರ್ಡಿನಲ್ಲೂ ಇಲ್ಲ. ಒಂದು ಕಚೇರಿಗೆ ಹೋದರೆ ‘ಈ ರಸ್ತೆ ಸಿಸ್ಟಮ್ಮಿನಲ್ಲಿ ಬರುತ್ತಿಲ್ಲಮ್ಮ’ ಅಂದು ಕಳಿಸಿದರು. ಮೂರು ಸಲ ಅಲೆದೆ. ಮೂರನೇ ಸಲ ಅಂತೂ ಕಾಗದ ತೆರೆದೂ ನೋಡಲಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇ ಗುಮಾಸ್ತ:
ಅಮ್ಮ, ರಸ್ತೆಯ ಹೆಸರು ಹಿಡಿದು ಹೋಗಬೇಡಿ. ಮನುಷ್ಯರ ಹೆಸರು ಹಿಡಿದು ಹೋಗಿ.

ಕಂಪ್ಯೂಟರಿನಲ್ಲಿ, ಅಂದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, ಸಿಗುವ ಇಸಿ (ಆಸ್ತಿಯ ಋಣಭಾರ ಪತ್ರ) 2004ರಿಂದ ಈಚಿನದು. ನಿಮಗೆ ಬೇಕಾದ್ದು ಅದಕ್ಕೂ ಹಿಂದಿನದು, ಕೈಬರಹದ ಪುಸ್ತಕ ನೋಡಿ ಕೊಡುವ ಇಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸೂಚಿ ಪುಸ್ತಕಗಳಿರುತ್ತವೆ. ಒಂದನೇ ಸೂಚಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನದು. ಎರಡನೇದು ಆಸ್ತಿಯದು. ರಸ್ತೆಯ ಹೆಸರು ಬದಲಾಗಿದ್ದರೆ ಎರಡನೇದರಲ್ಲಿ ಹುಡುಕಿ ಸುಸ್ತಾಗುತ್ತೀರಿ. ಅಜ್ಜಿಯ ಹೆಸರು ಕೊಟ್ಟು ಒಂದನೇದರಲ್ಲಿ ಹುಡುಕಿಸಿ.

ಇನ್ನೊಂದು, ಕ್ರಯಪತ್ರದ ಚೆಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಖಾಲಿ ನಿವೇಶನ, ದಕ್ಷಿಣಕ್ಕೆ ಸರ್ಕಾರಿ ಬೀದಿ ಅಂತ ಇರುತ್ತದೆ. ಪೂರ್ವದವರ ಮೊಮ್ಮಕ್ಕಳನ್ನು ಹುಡುಕಿ, ಅವರ ಪತ್ರ ಕೇಳಿ. ಅವರ ಪತ್ರದಲ್ಲಿ ನಿಮ್ಮ ಅಜ್ಜಿ ‘ಪಶ್ಚಿಮಕ್ಕೆ’ ಇರಬೇಕು. ಅವರದು ಆಮೇಲೆ ಮಾರಾಟವೋ ಭಾಗವೋ ಆಗಿದ್ದರೆ ಹೊಸ ಪತ್ರದಲ್ಲಿ ಹೊಸ ರಸ್ತೆ ಹೆಸರು ಬಂದಿರುತ್ತದೆ. ಹಳೇ ಹೆಸರು, ಹೊಸ ಹೆಸರು ಎರಡೂ ಅಲ್ಲಿ ಕೂಡುತ್ತವೆ. ಆ ಎರಡು ಪತ್ರ ಜೊತೆಗಿಟ್ಟುಕೊಂಡು ಹೋಗಿ. ಆಮೇಲೆ ‘ಸಿಸ್ಟಮ್ಮಿನಲ್ಲಿ ಇಲ್ಲ’ ಅನ್ನುವುದು ಅಷ್ಟು ಸುಲಭವಲ್ಲ.

ನಕ್ಷೆ ಹುಚ್ಚ:
ಒಂದು ಮಾತು ಸೇರಿಸುತ್ತೇನೆ. ಯಾವ ಬೆಂಗಳೂರು ಅಂತ ಮೊದಲು ಕೇಳಿಕೊಳ್ಳಿ. ಸಿಟಿಯೋ, ದಂಡೋ (ಅಂದರೆ ಕಂಟೋನ್ಮೆಂಟೋ)? 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡುವವರೆಗೂ ಅವು ಬೇರೆ ಬೇರೆ ಊರಿನ ಹಾಗೆ ನಡೆದವು. ಸಿಟಿ ಮೈಸೂರು ಮಹಾರಾಜರದು. ದಂಡು 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ಕಾಗದಪತ್ರವೂ ಬೇರೆ ಬೇರೆ. ದಂಡಿನ ಬೀದಿಯನ್ನು ಸಿಟಿಯ ಕಡತದಲ್ಲಿ ಹುಡುಕುತ್ತಾ ಕೂತವರನ್ನು ಪತ್ರಾಗಾರದಲ್ಲಿ ನೋಡಿದ್ದೇನೆ. ಒಬ್ಬರಂತೂ ಎರಡು ವಾರ ಕೂತರು. ಆ ‘ಒಬ್ಬರು’ ನಾನೇ.

ನಿಮ್ಮದು ಪೇಟೆ ಅಂದಿದ್ದೀರಿ, ಅದು ಸಿಟಿ. ಅಲ್ಲೂ ಒಂದು ತೊಡಕು. ಅವೆನ್ಯೂ ರೋಡಿಗೆ ಮೊದಲು ದೊಡ್ಡಪೇಟೆ ಅಂತಿತ್ತು. ಜನ ಬೋರ್ಡು ಬಂದ ತಕ್ಷಣ ಹಳೇ ಹೆಸರು ಬಿಡುವುದಿಲ್ಲ. ಹಾಗಾಗಿ ಹೆಸರು ನೋಡಿದ ಮಾತ್ರಕ್ಕೆ ಪತ್ರದ ಕಾಲ ಹೇಳಲು ಹೋಗಬೇಡಿ.

ಹಂಚಿನ ಮನೆ:
ಚೆಕ್ಕುಬಂದಿ ಈಗ ತೆಗೆದು ಓದಿದೆ. ಪೂರ್ವಕ್ಕೆ ಒಬ್ಬ ನೇಯ್ಗೆಯವರ ಮನೆ ಅಂತಿದೆ, ಹೆಸರೂ ಇದೆ. ಅವರ ಮರಿಮೊಮ್ಮಗನ ಅಂಗಡಿ ಇವತ್ತಿಗೂ ಅದೇ ಮೂಲೆಯಲ್ಲಿದೆ! ವಾರಕ್ಕೊಮ್ಮೆ ಅವನ ಹತ್ತಿರ ನೂಲುಂಡೆ ತಗೊಳ್ಳುತ್ತೇನೆ. ಸೋಮವಾರ ಹೋಗಿ ಕೇಳುತ್ತೇನೆ. ತುಂಬಾ ಥ್ಯಾಂಕ್ಸ್.

ಗುಂಡುತೋಪು:
ಎಲ್ಲ ಸರಿ. ಆದರೆ ತಾತ ಯಾಕೆ ತೋಪು ಅಂತ ಬರೆದರು? ಬೋರ್ಡು ಇಂಗ್ಲಿಷಿನಲ್ಲಿ ಇದ್ದಿರಬೇಕಲ್ಲ.

ಹಳೇ ಗುಮಾಸ್ತ:
ಬೋರ್ಡು ಓದಿ ಬರೆದವರಲ್ಲ ಅವರು, ಕಿವಿಯಲ್ಲಿ ಕೇಳಿ ಬರೆದವರು. ಕಿವಿಗೆ ಅರ್ಥವಿಲ್ಲದ ಸದ್ದು ಬಿದ್ದರೆ ನಾಲಿಗೆ ಅದಕ್ಕೊಂದು ಅರ್ಥ ಕೊಡುತ್ತದೆ. ಟಾಫ್ ಅಂದರೆ ಏನೂ ಅಲ್ಲ, ತೋಪು ಅಂದರೆ ಮರ, ನೆರಳು. ಅದಕ್ಕೇ ಹಳೇ ಕಾಗದವನ್ನು ಕಣ್ಣಲ್ಲಿ ಓದಿದರೆ ಸಾಲದು. ಬಾಯಿಬಿಟ್ಟು ಗಟ್ಟಿಯಾಗಿ ಓದಬೇಕು. ನಾವೆಲ್ಲ ನಿಘಂಟು ಹಿಡಿದು ಕೂತಿದ್ದೆವು. ಚೆನ್ನೈನ ಆಟೋದವನು ಬಿಡಿಸಿಬಿಟ್ಟ.

ಸಂಪಂಗಿ ಮೊಮ್ಮಗ:
ಕೊನೇ ಸುದ್ದಿ ಹೇಳಿಬಿಡುತ್ತೇನೆ. ಭಾನುವಾರ ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹಡ್ಸನ್ ಸರ್ಕಲ್‌ಗೆ ಹೋಗಿದ್ದೆ. ಅತ್ತೆಗೆ ಎಪ್ಪತ್ತೈದು ದಾಟಿದೆ. ಚಿಕ್ಕವರಿದ್ದಾಗ ರಜೆಯಲ್ಲಿ ತಾತನ ಸೈಕಲ್ಲಿನ ಬಾರಿನ ಮೇಲೆ ಕೂತು ಹೋಗುತ್ತಿದ್ದರಂತೆ. ‘ಸನತೋಪು ಗೊತ್ತಾ ಅತ್ತೆ?’ ಅಂದರೆ ಇಲ್ಲ ಅಂದರು. ‘ಸೆನೊಟಾಫ್?’ ಇಲ್ಲ. ‘ಅಲ್ಲೊಂದು ಕಂಬ ಇತ್ತಾ?’ ಅಂದೆ. ‘ಓ, ಕಂಬದ ರೋಡಾ!’ ಅಂದರು.

ಮನೆಯಲ್ಲಿ ಹೆಂಗಸರು, ಮಕ್ಕಳೆಲ್ಲ ಕಂಬದ ರೋಡು ಅನ್ನುತ್ತಿದ್ದರಂತೆ. ಸನತೋಪು ಅನ್ನುವುದು ತಾತ ಗಿರಾಕಿಗಳ ಬಾಯಲ್ಲಿ ಕೇಳಿ ಪುಸ್ತಕಕ್ಕೆ ಇಳಿಸಿದ ಹೆಸರು. ಒಂದೇ ರಸ್ತೆಗೆ ನಮ್ಮ ಮನೆಯೊಳಗೇ ಎರಡು ಹೆಸರಿತ್ತು. ಎರಡೂ ಬೋರ್ಡಿನಲ್ಲಿ ಇರಲಿಲ್ಲ.

ಅತ್ತೆ ಹಡ್ಸನ್ ಚರ್ಚಿಗೆ ಬೆನ್ನು ಕೊಟ್ಟು ನಿಂತರು. ಬಸ್ಸುಗಳು ಬಿಟ್ಟರೆ ತಾನೆ ಏನಾದರೂ ಕಾಣುವುದು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ ಕೈ ತೋರಿಸಿದರು. ‘ಅಲ್ಲಿ. ಅಪ್ಪ ಅಲ್ಲಿ ನನ್ನ ಇಳಿಸಿ, ಕಂಬ ಬಿಟ್ಟು ಕದಲಬೇಡ ಅಂತ ಹೇಳಿ ಆಸ್ಪತ್ರೆ ಒಳಗೆ ಹೋಗೋನು. ನಾನು ಅದರ ಸುತ್ತ ಸುತ್ತುತಾ ಇರ್ತಿದ್ದೆ.’

ನರ್ಸಮ್ಮನ ಬಾಕಿಯ ವಿಷಯ ಕೇಳಿದೆ. ಪುಸ್ತಕದಲ್ಲಿ ಬೇರೆ ಎಲ್ಲರ ಬಾಕಿಯ ಮೇಲೂ ಗೀಟು ಹೊಡೆದಿದೆ. ಆ 3-37ರ ಮೇಲೆ ಮಾತ್ರ ಇಲ್ಲ. ಅತ್ತೆ ನಕ್ಕರು. ‘ನನಗೆ ಟೈಫಾಯ್ಡ್ ಬಂದಾಗ ಸೂಜಿ ಚುಚ್ಚಿದ್ದು ಅವರೇ ಕಣೋ. ಅಪ್ಪ ಇನ್ನೆಲ್ಲಿ ಕೇಳ್ತಾನೆ?’